ಅಮ್ಮ ಮಲಗಿದ್ದಾಳೆ

ನಾಳೆಯೂ ರಜೆಯೇ ಎಂಬುದು ಹಲ್ಲುಜ್ಜುತ್ತಿರುವಾಗ ನೆನಪಾಗಿ ಅವನ ಎದೆ ಧಸಕ್ಕೆಂದಿತು. ನೊರೆ ತುಂಬಿದ ಬಾಯಿ ತೆರೆದುಕೊಂಡು ಕನ್ನಡಿಯ ಮುಂದೆ ಹಾಗೆಯೇ ನಿಂತ. ರಜೆಯನ್ನು ನೆನೆದು ಹೆದರುವ ಮನುಷ್ಯ ಈ ಬೀದಿಯಲ್ಲಿ ತಾನೊಬ್ಬನೇ ಇರಬೇಕು ಅನಿಸಿತು. ಶುಕ್ರವಾರ ಲ್ಯಾಬಿನ ಶಟರ್ ಎಳೆಯುತ್ತ ಯಜಮಾನರು, "ಮೂರು ದಿನ ಒಟ್ಟಿಗೆ ಸಿಕ್ಕಿದೆ, ಮಕ್ಕಳ ಜೊತೆ ಮಜಾ ಮಾಡಪ್ಪ" ಎಂದಾಗ ಅವನು ನಕ್ಕಿದ್ದ. "ಮಾಡ್ದೆ ಬಿಡ್ತೀನಾ ಸಾರ್" ಎಂದೂ ಅಂದಿದ್ದ. ಅಂದದ್ದು ಸುಳ್ಳೇನಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಕ್ಕಳನ್ನು ನೆನೆಯುವಾಗ ಅವನಿಗೆ ಮಕ್ಕಳ ಮೇಲೆ ಎಷ್ಟು ಪ್ರೀತಿ ಉಕ್ಕುತ್ತಿತ್ತೆಂದರೆ ಕೆಲವು ಸಲ ಕಣ್ಣು ಒದ್ದೆಯಾಗುತ್ತಿತ್ತು. ಮನೆಯ ಬಾಗಿಲು ತೆರೆದು ಆ ಇಬ್ಬರೂ ನಿಜವಾಗಿ ಕಾಲಿಗೆ ಬಂದು ತೊಡರಿಕೊಂಡಾಗ ಮಾತ್ರ ಆ ಪ್ರೀತಿ ಎಲ್ಲಿ ಹೋಗಿ ಅಡಗುತ್ತಿತ್ತೋ. ಹಾಲ್‌ನಲ್ಲಿ ಏನೋ ಬಿತ್ತು. ಸ್ಟೀಲಿನದು. ಅದು ಉರುಳುತ್ತ ಹೋಗಿ ಗೋಡೆಗೆ ತಗಲಿ ಸುಮ್ಮನಾಗುವವರೆಗೆ ಅವನು ಬ್ರಷ್ಷನ್ನು ಅಲ್ಲಾಡಿಸಲಿಲ್ಲ. "ಅಪ್ಪಾ, ನಾನಲ್ಲ!" ಎಂದು ಮಗಳು ಕೂಗಿದಳು. "ನಾನೂ ಅಲ್ಲ!" ಎಂದು ಮಗ ಕೂಗಿದ. ಹೆಂಡತಿಯಾಗಿದ್ದರೆ "ಹಾಗಾದ್ರೆ ನಾನೇ ಇರ್ಬೇಕು, ನನ್ನನ್ನೇ ಮೂಲೇಲಿ ನಿಲ್ಲಿಸಿ" ಎನ್ನುತ್ತಿದ್ದಳು, ಮೂವರೂ ನಗುತ್ತಿದ್ದರು. ಆ ಮಾತು ಅವನಿಗೂ ಹೊಳೆಯಿತು. ಹೊಳೆದರೂ ಬಾಯಿಂದ ಬಂದದ್ದು, ನೊರೆಯ ಸಮೇತ, "ಸ್ವಲ್ಪ ಹೊತ್ತು ಸುಮ್ಮನಿರೋಕಾಗಲ್ವಾ ನಿಮ್ಗೆ?" ಎಂಬುದು.

ಹೆಂಡತಿ ಶುಕ್ರವಾರ ಸಂಜೆಯ ಬಸ್ಸಿಗೆ ಹೋಗಿದ್ದಳು. ಅವಳ ಅಕ್ಕನಿಗೆ ಪಿತ್ತಕೋಶದ ಆಪರೇಷನ್. ಅವಳು ನರ್ಸ್ ಆದ್ದರಿಂದ ನೆಂಟರಲ್ಲಿ ಯಾರು ಹಾಸಿಗೆ ಹಿಡಿದರೂ ಕರೆ ಅವಳಿಗೇ ಬರುತ್ತಿತ್ತು. ಚೀಲದ ಜಿಪ್ ಎಳೆಯುತ್ತ, "ಕುಳ್ಳಂಗೆ ಹಾಲು ತುಂಬ ಬಿಸಿ ಮಾಡ್ಬೇಡಿ. ಮೇಷ್ಟ್ರಿಗೆ ತಲೆ ಬಾಚುವಾಗ ಮಾತಾಡ್ಸ್ತಾ ಇರಿ, ಇಲ್ದಿದ್ರೆ ಅಳ್ತಾಳೆ. ಮಿಕ್ಕಿದ್ದೆಲ್ಲ ಅವ್ಳೇ ಹೇಳ್ಕೊಡ್ತಾಳೆ ನಿಮ್ಗೆ" ಎಂದಿದ್ದಳು. ಕುಳ್ಳ ಎಂದರೆ ಮೂರು ವರ್ಷದ ಮಗ. ಮೇಷ್ಟ್ರು ಎಂದರೆ ಆರು ವರ್ಷದ ಮಗಳು. ಯಾರು ಏನು ಮಾಡಿದರೂ ತಿದ್ದುವವಳು. ನಿನ್ನೆಯೆಲ್ಲ ಅವಳು ಅಪ್ಪನನ್ನು ತಿದ್ದಿದ್ದಳು. ಬ್ರೆಡ್ಡಿನ ಅಂಚು ಕತ್ತರಿಸಬೇಕು, ಹಾಗಲ್ಲ, ಹೀಗೆ. ಕುಳ್ಳನ ಶರ್ಟು ಮೊದಲು ತಲೆಯಿಂದಲ್ಲ, ಕೈಯಿಂದ. ಜಡೆ ಹಾಕಲು ಕೂತಾಗ ಅವನ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಅವನು ಲ್ಯಾಬಿನಲ್ಲಿ ಹಲ್ಲು ಕಟ್ಟುವವನು. ಬೋಳು ಬಾಯಿಯ ಅಚ್ಚು ನೋಡಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಮೇಲಿನದು ಕೆಳಗಿನದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಮುಚ್ಚಿಸುವುದು ಅವನ ಕೆಲಸ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕೈಕಟ್ಟಿ ಕಾಯುವ ಅವನ ತಾಳ್ಮೆಯನ್ನು ಯಜಮಾನರು ಹೊಸಬರಿಗೆಲ್ಲ ತೋರಿಸಿ ಹೊಗಳುತ್ತಿದ್ದರು. ಅಂಥ ಕೈಗೆ ಮೂರು ಎಳೆ ಕೂದಲು ಬಗ್ಗಲಿಲ್ಲ. "ಬಿಡಪ್ಪ, ಹಾಗೇ ಇರ್ಲಿ, ಇವತ್ತು ಯಾರೂ ಬರಲ್ಲ" ಎಂದು ಮಗಳು ಅವನನ್ನು ಸಮಾಧಾನಪಡಿಸಿದಳು. ಸಂಜೆ ಪಾರ್ಕಿನಲ್ಲಿ ಇನ್ಯಾರೋ ಒಬ್ಬ ಅಪ್ಪ ನಾಲ್ಕು ಕಾಲಿನಲ್ಲಿ ಹುಲ್ಲಿನ ಮೇಲೆ ಓಡುತ್ತಿದ್ದ, ಬೆನ್ನ ಮೇಲೆ ಎರಡು ಮಕ್ಕಳು. ಅವನ ಪ್ಯಾಂಟಿನ ಮಂಡಿ ಹಸಿರಾಗಿತ್ತು. ಕುಳ್ಳ ಅದನ್ನು ನೋಡುತ್ತ ನಿಂತ, ನಂತರ ಇವನ ಕಡೆ ತಿರುಗಿ ನೋಡಿದ, ಏನೂ ಕೇಳಲಿಲ್ಲ. ಕೇಳಿದ್ದರೆ ಮಂಡಿಯೂರುತ್ತಿದ್ದೆ ಎಂದು ಅವನು ರಾತ್ರಿಯವರೆಗೂ ತನಗೆ ತಾನೇ ಹೇಳಿಕೊಂಡ.

ಹೀಗಾಗಿ ಭಾನುವಾರ ಬೆಳಗ್ಗೆಯೇ ಅವನಿಗೆ ಸುಸ್ತು. ಅದು ಮೈಯ ಸುಸ್ತಲ್ಲ. ಸಂಜೆ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಹಗಲೆಲ್ಲ ಲ್ಯಾಬಿನಲ್ಲಿ ಹಲ್ಲು ಅರೆಯುವ ಯಂತ್ರದ ಕಿರ್ರೆಂಬ ಸದ್ದು ಕೇಳಿ ಬಂದವನು ಮೊದಲ ಬೆಂಚಿನಲ್ಲೇ ನಿದ್ದೆ ಹೋಗುತ್ತಿದ್ದ. "ಹಿಂದೆ ಹೋಗಿ ಮಲಗ್ರೀ, ನಿಮ್ಮನ್ನ ನೋಡಿದ್ರೆ ನನಗೂ ನಿದ್ದೆ ಬರುತ್ತೆ" ಎಂದು ಲೆಕ್ಚರರೊಬ್ಬರು ಅಂದಿದ್ದರು, ಕ್ಲಾಸೆಲ್ಲ ನಕ್ಕಿತ್ತು. ಆಗಿನ ಸುಸ್ತಿಗೆ ಒಂದು ಮರ್ಯಾದೆಯಿತ್ತು. ಎರಡು ಸಣ್ಣ ಮಕ್ಕಳ "ಅಪ್ಪಾ ನೋಡು, ಅಪ್ಪಾ ಇಲ್ನೋಡು" ಎಂಬುದಕ್ಕೆ ತಲೆಯೆತ್ತಿ ನೋಡಿ ನೋಡಿ ಬಂದ ಈ ಸುಸ್ತನ್ನು ಯಾರ ಮುಂದೆ ಹೇಳಿಕೊಳ್ಳುವುದು? ಕುಳ್ಳನಿಗೆ ಸ್ನಾನ ಮಾಡಿಸಿ, ಅವನು ಒದ್ದೆ ಮೈಯಲ್ಲೇ ಓಡಿ, ಇವನು ಹಿಂದೆ ಓಡಿ, ಹಿಡಿದು ಒರೆಸಿ, ಚಡ್ಡಿ ಹಾಕಿಸಿ ಎದ್ದಾಗ ಕೈಯಲ್ಲಿ ಒದ್ದೆ ಟವೆಲ್ಲಿತ್ತು. ಬಾಲ್ಕನಿಯ ಹಗ್ಗದವರೆಗೆ ಹೋಗಲೂ ಬೇಸರವಾಗಿ ಅದನ್ನು ಮಲಗುವ ಕೋಣೆಯ ಬಾಗಿಲಿನ ಹಿಡಿಗೆ ಸುತ್ತಿದ.

ಮನೆ ಫಕ್ಕನೆ ಸ್ತಬ್ಧವಾಯಿತು. ಅವನಿಗೆ ಒಂದು ಕ್ಷಣ ಕಿವಿ ಕಟ್ಟಿತೇನೋ ಅನಿಸಿತು. ತಿರುಗಿ ನೋಡಿದರೆ ಮಗಳು ಬಣ್ಣದ ಮರದ ತುಂಡೊಂದನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದಳು. ಕುಳ್ಳ ಕೂಗಲು ತೆರೆದಿದ್ದ ಬಾಯನ್ನು ತನ್ನ ಅಂಗೈಯಿಂದ ತಾನೇ ಮುಚ್ಚಿಕೊಂಡಿದ್ದ. ಆಗ ಅವನಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ಹೆಂಡತಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದಳು. ಬಾಗಿಲಿನ ಹಿಡಿ ಟಕ್ಕೆಂದರೆ ಅವಳಿಗೆ ಎಚ್ಚರವಾಗುತ್ತದೆಂದು ಅದಕ್ಕೆ ಟವೆಲ್ ಸುತ್ತುವುದು ಶುರುವಾಗಿತ್ತು. ಬರುಬರುತ್ತ ಅದೇ ಈ ಮನೆಯ ಕಾನೂನಾಗಿತ್ತು: ಹಿಡಿಯಲ್ಲಿ ಟವೆಲ್ ಇದ್ದರೆ ಅಮ್ಮ ಮಲಗಿದ್ದಾಳೆ. ಮಕ್ಕಳು ಆಗ ಬೆರಳ ತುದಿಯಲ್ಲಿ ನಡೆಯುತ್ತಿದ್ದರು, ತುಟಿ ಅಲ್ಲಾಡಿಸಿಯೇ ಜಗಳವಾಡುತ್ತಿದ್ದರು. ಕುಳ್ಳ ಮಾತು ಕಲಿಯುವ ಮೊದಲು ಪಿಸುಮಾತು ಕಲಿತವನು. ಅವನೀಗ ಬಂದು ಅಪ್ಪನ ಪ್ಯಾಂಟು ಜಗ್ಗಿ, ಕಣ್ಣಲ್ಲಿ ದೀಪ ಹಚ್ಚಿಕೊಂಡವನಂತೆ, ಉಸಿರಿನಲ್ಲೇ ಕೇಳಿದ: "ಅಮ್ಮ ಬಂದ್ಲಾ?"

ಇಲ್ಲ ಪುಟ್ಟಾ, ಟವೆಲ್ ಸುಮ್ಮನೆ ಹಾಕ್ದೆ — ಇಷ್ಟು ಹೇಳಿದ್ದರೆ ಆಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. ಆದರೆ ಆ ಮೌನ! ಎರಡು ದಿನಗಳ ನಂತರ ಅವನಿಗೆ ಫ್ಯಾನಿನ ಸದ್ದು ಕೇಳಿಸಿತು, ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುವುದು ಕೇಳಿಸಿತು. ತನ್ನದೇ ಉಸಿರು ಕೇಳಿಸಿತು. ಅವನು ತಲೆ ಆಡಿಸಿದ. ಹೌದು ಅನ್ನಲಿಲ್ಲ, ತಲೆ ಆಡಿಸಿದ ಅಷ್ಟೆ. ಅದನ್ನು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದಾಗಿತ್ತು, ಎಂದು ಆಮೇಲೆ ತನ್ನ ಪರವಾಗಿ ತಾನೇ ವಾದಿಸಿ, ಆ ವಾದಕ್ಕೆ ತಾನೇ ನಾಚಿದ. ಕುಳ್ಳ ಸದ್ದಿಲ್ಲದೆ ಎರಡು ಸಲ ಕುಪ್ಪಳಿಸಿದ. ಮಗಳು ಮಾತ್ರ ಹೊರಬಾಗಿಲಿನ ಕಡೆ ಒಮ್ಮೆ ನೋಡಿದಳು, ಅವನ ಕಡೆ ಒಮ್ಮೆ ನೋಡಿದಳು, ಆಮೇಲೆ ತಮ್ಮನ ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋಗಿ ಮರದ ತುಂಡುಗಳನ್ನು ಚಾಪೆಯ ಮೇಲೆ, ಒಂದಕ್ಕೊಂದು ತಗಲದಂತೆ ಜೋಡಿಸತೊಡಗಿದಳು. "ನಾನೂ ಸ್ವಲ್ಪ ಮಲಗ್ತೀನಿ" ಎಂದು ಅವನೂ ಪಿಸುಗುಟ್ಟಿದ. ತನ್ನ ಪಿಸುಮಾತು ಕೇಳಿ ಅವನಿಗೆ ಅಸಹ್ಯವಾಯಿತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಹಾಸಿಗೆ ತಣ್ಣಗಿತ್ತು. ಮಲಗಿ ಛಾವಣಿ ನೋಡಿದ. ಅವನ ಅಪ್ಪ ಸಂಜೆ ಚಪ್ಪಲಿ ಬಿಡುವ ಸದ್ದಿಗೇ ಮನೆಯಲ್ಲಿ ಹೀಗೆ ಎಲ್ಲ ನಿಂತುಹೋಗುತ್ತಿತ್ತು. ಅಮ್ಮ ಪಾತ್ರೆಯನ್ನು ಸದ್ದಾಗದಂತೆ ಇಡುತ್ತಿದ್ದಳು, ತಂಗಿ ಹಾಡು ನಿಲ್ಲಿಸುತ್ತಿದ್ದಳು. ನನ್ನ ಮಕ್ಕಳು ನನ್ನ ಮುಂದೆ ಕಿರುಚಬೇಕು, ಮನೆ ಹಾರಿಹೋಗುವಂತೆ ಕಿರುಚಬೇಕು ಎಂದು ಮದುವೆಯ ಹೊಸದರಲ್ಲಿ ಹೆಂಡತಿಗೆ ಹೇಳಿದ್ದ. ಅವಳು ನಕ್ಕು, "ಬರೆದಿಟ್ಕೊಳ್ಲಾ?" ಎಂದಿದ್ದಳು. ಐದು ನಿಮಿಷ, ಐದೇ ನಿಮಿಷ ಮಲಗಿ ಎದ್ದು ಮಕ್ಕಳಿಗೆ ನಿಜ ಹೇಳಿ, ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು ನಾಲ್ಕು ಕಾಲಿನಲ್ಲಿ ಹಾಲ್ ತುಂಬ ಓಡಾಡಬೇಕು ಎಂದುಕೊಂಡ. ಎಷ್ಟು ಒಳ್ಳೆಯ ಮಕ್ಕಳು ಎಂದೂ ಅಂದುಕೊಂಡ. ಕಣ್ಣು ಒದ್ದೆಯಾಯಿತು, ಬಸ್ಸಿನಲ್ಲಿ ಆಗುವಂತೆಯೇ. ಆಮೇಲೆ ನಿದ್ದೆ ಬಂತು. ನಿದ್ದೆಯ ಮೇಲ್ಪದರದಲ್ಲೆಲ್ಲೋ ಬಾಲ್ಕನಿಯ ಬಾಗಿಲು ಮುಚ್ಚಿದ್ದು ಗೊತ್ತಾಯಿತು. ಬೀದಿಯ ಸದ್ದು ಇನ್ನಷ್ಟು ದೂರವಾಯಿತು, ಹಿತವೆನಿಸಿತು. ಅದಾದ ಮೇಲೆ, ಎಷ್ಟು ಹೊತ್ತಿನ ಮೇಲೋ, ಕೋಣೆಯ ಬಾಗಿಲಿನ ಸಂದಿಯಲ್ಲಿ ಉಸಿರಿನಂಥದ್ದೇನೋ. "ಅಪ್ಪಾ." ಗಾಳಿ ಮಾತಾಡಿದಂತಿತ್ತು. ಅವನಿಗೆ ಕೇಳಿಸಿತು. ಕನಸೆಂದು ಹೇಳಿಕೊಳ್ಳಲು ಆಮೇಲೆ ಬಹಳ ಪ್ರಯತ್ನಪಟ್ಟ, ಆದರೆ ಕನಸಲ್ಲ. ಕೇಳಿಸಿತು, ಮಗಳ ದನಿಯೆಂದು ಗೊತ್ತಾಯಿತು, ತಾನು ಅಲ್ಲಾಡದೆ ಮಲಗಿದ್ದರೆ ಹೋಗುತ್ತಾಳೆ ಎಂದು ತೀರ ಸ್ಪಷ್ಟವಾಗಿ, ಲೆಕ್ಕ ಹಾಕಿದವನ ಹಾಗೆ ಯೋಚಿಸಿದ್ದೂ ನೆನಪಿತ್ತು. ಅವನು ಅಲ್ಲಾಡಲಿಲ್ಲ. ಅವಳು ಹೋದಳು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿತ್ತು. ಬಾಯಿ ಒಣಗಿತ್ತು. ಹೊರಗೆ ಇನ್ನೂ ಅದೇ ಮೌನ. ಈ ಸಲ ಅದು ಹಿತವೆನಿಸಲಿಲ್ಲ. ಬಾಗಿಲು ತೆರೆದ. ಹೊಸ್ತಿಲಿಗೆ ಒತ್ತಿಕೊಂಡು ಇಬ್ಬರೂ ನೆಲದ ಮೇಲೆ ಕೂತಿದ್ದರು. ಕುಳ್ಳ ಅಕ್ಕನ ಮಡಿಲಲ್ಲಿದ್ದ. ಅವನ ಬಲಗೈಯನ್ನು ಅವಳು ನೀರು ತುಂಬಿದ ಲೋಟದೊಳಗೆ ಹಿಡಿದಿದ್ದಳು. ನೀರು ತೆಳ್ಳಗೆ ಕೆಂಪಾಗಿತ್ತು. ಕುಳ್ಳ ಅಳುತ್ತಿದ್ದ. ಬಾಯಿ ಪೂರ್ತಿ ತೆರೆದಿತ್ತು, ಎದೆ ಎದ್ದೆದ್ದು ಬೀಳುತ್ತಿತ್ತು, ಕಣ್ಣು ಮೂಗು ಗಲ್ಲ ಎಲ್ಲ ಒಂದೇ ಒದ್ದೆ, ಆದರೆ ದನಿಯಿರಲಿಲ್ಲ. ಅವನು ಸದ್ದಿಲ್ಲದೆ ಅಳುತ್ತಿದ್ದ. ಮೂರು ವರ್ಷದ ಮಗು ಹಾಗೆ ಅಳಬಲ್ಲದೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಕುಳ್ಳ ಅಕ್ಕನ ಮಡಿಲಿನಿಂದ ಜಾರಿ, ಲೋಟ ಉರುಳಿಸಿ, ಅಪ್ಪನ ಕಾಲಿನ ಪಕ್ಕದಿಂದ ಒಳಗೆ ನುಗ್ಗಿದ. ಬಾಗಿಲು ತೆರೆದರೆ ಅಮ್ಮ ಎದ್ದಳೆಂದು, ಇನ್ನು ಕೂಗಬಹುದೆಂದು ಅವನಿಗೆ ತಿಳಿದಿತ್ತು. "ಅಮ್ಮಾ!" ಎಂದ. ಹಾಸಿಗೆ ನೋಡಿದ. ಹೊದಿಕೆ ಎತ್ತಿದ. ಬಗ್ಗಿ ಮಂಚದ ಕೆಳಗೆ ನೋಡಿದ. ಎದ್ದು ಬಾಗಿಲಿನ ಹಿಂದೆ ನೋಡಿದ. ಒಂದು ಸಲ ಅಪ್ಪನ ಮುಖ ನೋಡಿ, ಮತ್ತೆ ಮಂಚದ ಕೆಳಗೇ ಬಗ್ಗಿ ನೋಡಿದ. ಆಮೇಲೆ ಅವನ ದನಿ ಒಡೆಯಿತು.

ರಜೆಯ ದಿನವಾದ್ದರಿಂದ ಎರಡು ಬೀದಿಯಾಚೆಯ ಸಣ್ಣ ಕ್ಲಿನಿಕ್ ಒಂದೇ ತೆರೆದಿತ್ತು. ಡಾಕ್ಟರು ಅವನ ಅಮ್ಮನ ವಯಸ್ಸಿನ ಹೆಂಗಸು. ಬಾಗಿಲಿನ ಸಂದಿಗೆ ಸಿಕ್ಕಿದ ತೋರುಬೆರಳು ದಪ್ಪಗಾಗಿ, ಉಗುರು ನೇರಳೆಯಾಗಿತ್ತು. ಅವರು ಅದನ್ನು ಮೆಲ್ಲಗೆ ಬಗ್ಗಿಸಿ ನೋಡುತ್ತ, "ಮೂಳೆ ಮುರಿದಿಲ್ಲ, ದೇವರು ದೊಡ್ಡವನು. ಉಗುರು ಹೋಗುತ್ತೆ, ಹೊಸದು ಬರುತ್ತೆ. ಯಾವಾಗಾಯ್ತು?" ಎಂದರು.

"ಈಗ ತಾನೇ," ಎಂದ ಅವನು.

ಅವರು ಕನ್ನಡಕದ ಮೇಲಿಂದ ನೋಡಿದರು. "ಈಗ ತಾನೇ ಆಗಿದ್ರೆ ಇಷ್ಟು ಊದ್ತಿರ್ಲಿಲ್ಲ. ರಕ್ತ ಹೆಪ್ಪುಗಟ್ಟಿದೆ."

"ಆಗ್ಲೇ ಆಯ್ತು," ಎಂದಳು ಮಗಳು. ಅವಳ ಜಡೆ ನಿನ್ನೆಯ ಹಾಗೆಯೇ ಬಿಚ್ಚಿಕೊಂಡಿತ್ತು. "ಬೀದಿ ಗಲಾಟೆ ಕೇಳಿಸ್ಬಾರ್ದು ಅಂತ ನಾನು ಬಾಲ್ಕನಿ ಬಾಗಿಲು ಹಾಕ್ದೆ. ಇವ್ನು ಕೈ ಇಟ್ಟಿದ್ದು ನೋಡ್ಲಿಲ್ಲ. ಅಮ್ಮ ಮಲಗಿದ್ಳಲ್ಲ, ಅದಕ್ಕೇ ಇವ್ನು ಕೂಗ್ಲಿಲ್ಲ."

"ಅಮ್ಮ ಎಲ್ಲಿ ಈಗ?"

"ದೊಡ್ಡಮ್ಮನ ಊರಲ್ಲಿ."

ಡಾಕ್ಟರು ಹತ್ತಿಯನ್ನು ಕೈಯಲ್ಲೇ ಹಿಡಿದು ಅವನ ಕಡೆ ತಿರುಗಿದರು. ಅವನು ಗೋಡೆಯ ಮೇಲೆ ನೇತುಹಾಕಿದ್ದ ಕಿವಿಯ ಚಿತ್ರವನ್ನು ನೋಡುತ್ತಿದ್ದ. ಏನಾದರೂ ಬೈಯಲಿ ಎಂದು ಕಾದ. ಅವರು ಬೈಯಲಿಲ್ಲ. "ಅಪ್ಪನ್ನ ಕರೀಬೇಕಿತ್ತಲ್ಲ ಕಂದಾ," ಎಂದು ಮಗಳಿಗೆ ಹೇಳಿದರು, ತುಂಬ ಮೆತ್ತಗೆ.

"ಕರ್ದೆ," ಎಂದಳು ಮಗಳು. "ಮೆಲ್ಲಗೆ ಕರ್ದೆ. ಅಪ್ಪಂಗೆ ಕೇಳಿಸ್ಲಿಲ್ಲ. ಜೋರಾಗಿ ಕರೀಬೇಕಿತ್ತು ನಾನು."

ವಾಪಸು ಬರುವಾಗ ಕುಳ್ಳ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಬ್ಯಾಂಡೇಜ್ ಸುತ್ತಿದ ಬೆರಳು ಅವನ ಕಾಲರಿಗೆ ತಗಲುತ್ತಿತ್ತು. ಅಂಗಡಿಗಳೆಲ್ಲ ಅರ್ಧ ಮುಚ್ಚಿದ್ದವು. ಮಗಳು ಒಂದು ಹೆಜ್ಜೆ ಮುಂದೆ, ಫುಟ್‌ಪಾತಿನ ಕಲ್ಲುಗಳ ಗೆರೆ ತುಳಿಯದಂತೆ ನಡೆಯುತ್ತಿದ್ದಳು. ಕೇಳಬಾರದೆಂದುಕೊಂಡೇ ಕೇಳಿದ: "ಅಮ್ಮ ಒಳಗಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಹ್ಞೂಂ. ಅಮ್ಮನ ಚಪ್ಪಲಿ ಇರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಗೆರೆ ದಾಟಿ ನಿಂತಳು. ಅವನಿಗೆ ಅಷ್ಟೂ ತಿಳಿಯದೇ ಎನ್ನುವ ಹಾಗೆ ನೋಡಿದಳು. "ನೀನು ಮಲಗ್ಬೇಕಿತ್ತಲ್ಲಪ್ಪ. ಕುಳ್ಳಂಗೆ ಹೇಳಿದ್ರೆ ಗಲಾಟೆ ಮಾಡ್ತಿದ್ದ." ಆಮೇಲೆ ಮತ್ತೆ ನಡೆಯುತ್ತ, ತನಗೇ ಪಾಠ ಹೇಳಿಕೊಳ್ಳುವವಳ ಹಾಗೆ, "ಇನ್ನೊಂದ್ಸಲ ಜೋರಾಗಿ ಕರೀತೀನಿ," ಎಂದಳು.

ಇಷ್ಟರಲ್ಲಿ ಹೇಳಿಬಿಡಬಹುದಾಗಿತ್ತು. ಬೀದಿಯ ತುದಿಯವರೆಗೆ ಅವನು ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದ. ನೀನು ಕರೆದದ್ದು ಸರಿಯಾಗಿಯೇ ಇತ್ತು, ನನಗೆ ಕೇಳಿಸಿತ್ತು. ಎರಡೇ ವಾಕ್ಯ. ಆದರೆ ಎರಡನೆಯದನ್ನು ಹೇಳದೆ ಮೊದಲನೆಯದನ್ನು ಹೇಳುವ ದಾರಿಯಿರಲಿಲ್ಲ. ಹೇಳಿದರೆ, ಕರೆದಾಗ ಅಪ್ಪನಿಗೆ ಕೇಳಿಸುತ್ತದೆ, ಕೇಳಿಸಿಯೂ ಅವನು ಏಳುವುದಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಮತ್ತೆ ತಿಳಿಯದಂತೆ ಮಾಡಲಾಗುವುದಿಲ್ಲ. ಹೇಳದಿದ್ದರೆ ಅವಳು ತನ್ನ ದನಿಯನ್ನೇ ದೂರುತ್ತಿರುತ್ತಾಳೆ. ಮಕ್ಕಳಿಗೆ ಬೇಗ ಮರೆಯುತ್ತದೆ ಎಂದುಕೊಂಡ. ನಾಳೆಯ ಹೊತ್ತಿಗೆ ಅವಳಿಗೆ ಇದ್ಯಾವುದೂ ನೆನಪಿರುವುದಿಲ್ಲ. ಮಗುವಿನ ಮರೆವಿನ ಹಿಂದೆ ಅಡಗಿಕೊಳ್ಳಲು ಹೊರಟ ತನ್ನನ್ನು ಯಾರಾದರೂ ಹೊರಗಿನಿಂದ ನೋಡುತ್ತಿದ್ದರೆ ಹೇಗೆ ಕಾಣಬಹುದು ಎಂದು ಯೋಚಿಸಿ, ಹೆಗಲ ಮೇಲಿನ ಮಗುವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿದ.

ಸಂಜೆ ಹೆಂಡತಿಯ ಫೋನು ಬಂದಾಗ ಅವನು ಒಲೆಯ ಮುಂದೆ ಹಾಲು ಉಕ್ಕದಂತೆ ನೋಡುತ್ತಿದ್ದ. ಮಗಳೇ ಎತ್ತಿದಳು, ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟಳು. ದೊಡ್ಡಮ್ಮನ ಆಪರೇಷನ್ ಚೆನ್ನಾಗಿ ಆಗಿದೆ, ಎದ್ದು ಕೂತಿದ್ದಾಳೆ, ಆಗಲೇ ಎಲ್ಲರನ್ನೂ ಗದರಿಸುತ್ತಿದ್ದಾಳೆ. "ನಿಮ್ದೇನು ಸಮಾಚಾರ, ಮೇಷ್ಟ್ರೇ? ಅಪ್ಪ ಪಾಸೋ ಫೇಲೋ?"

"ಪಾಸು," ಎಂದಳು ಮಗಳು. ಅವನು ಒಲೆಯ ಉರಿ ಸಣ್ಣದು ಮಾಡಿದ. "ಅಮ್ಮಾ, ಕುಳ್ಳನ ಬೆರಳು ಬಾಗಿಲಿಗೆ ಸಿಕ್ತು. ನಂದೇ ತಪ್ಪು. ಅಪ್ಪ ತಕ್ಷಣ ಡಾಕ್ಟ್ರ ಹತ್ರ ಕರ್ಕೊಂಡ್ಹೋದ. ಮೂಳೆಗೇನೂ ಆಗಿಲ್ಲ." ತಕ್ಷಣ ಎಂಬುದನ್ನು ಅವಳು ಎಷ್ಟು ಸರಾಗವಾಗಿ ಅಂದಳೆಂದರೆ, ಕ್ಲಿನಿಕ್ಕಿನಲ್ಲಿ ತಾನು "ಈಗ ತಾನೇ" ಅಂದ ಧಾಟಿ ಅವನಿಗೆ ಮತ್ತೆ ಕೇಳಿದಂತಾಯಿತು. ತನ್ನನ್ನು ಕಾಪಾಡಲು ಆರು ವರ್ಷದವಳು ಸುಳ್ಳು ಕಟ್ಟುತ್ತಿದ್ದಳು, ಸಂದಿ ಕಾಣದಂತೆ, ಒಂದರ ಪಕ್ಕ ಒಂದು ಕೂರಿಸಿ.

"ಅಯ್ಯೋ ನನ್ನ ಕುಳ್ಳಾ! ನಿಂದೇನು ತಪ್ಪು ಬಿಡೇ ಇದ್ರಲ್ಲಿ," ಎಂದಳು ಹೆಂಡತಿ. "ಅಪ್ಪ ಇದ್ನಲ್ಲ, ಸರಿಹೋಯ್ತು."

"ಇಲ್ಲಮ್ಮ, ನಂದೇ. ಮೊದ್ಲು ಮೆಲ್ಲಗೆ ಕರ್ದೆ ಅಪ್ಪನ್ನ. ಅವ್ನಿಗೆ ಕೇಳಿಸ್ಲಿಲ್ಲ."

"ಕೇಳಿಸಿತ್ತು," ಎಂದ ಅವನು.

ಹೇಳಿದ್ದು ಹಾಲಿನ ಪಾತ್ರೆಗೆ. ಯಾರಿಗೂ ಕೇಳದಷ್ಟು ಮೆತ್ತಗೆ ಹೇಳಿದೆನೇನೋ ಎಂದು ಒಂದು ಕ್ಷಣ ಆಸೆಯೂ ಆಯಿತು. "ಏನಂದ್ರಿ?" ಎಂದಿತು ಫೋನು. ಅವನು ಒಲೆ ಆರಿಸಿ, ಹಾಲ್‌ಗೆ ಬಂದು, ಮಗಳ ಎದುರಿಗೆ ಚಾಪೆಯ ಮೇಲೆ ಕೂತ. ಅವಳ ಮುಖ ನೋಡಿ ಹೇಳಬೇಕೆಂದುಕೊಂಡವನು ಅವಳ ಮಂಡಿ ನೋಡಿ ಹೇಳಿದ. "ನೀನು ಕರ್ದಿದ್ದು ನಂಗೆ ಕೇಳಿಸಿತ್ತು. ಎಚ್ಚರಾನೇ ಇತ್ತು. ನಾನು ಏಳ್ಲಿಲ್ಲ."

ಫೋನಿನೊಳಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ತಳ್ಳುಗಾಡಿಯೊಂದು ಹಾದುಹೋಯಿತು. ಮಗಳು ಅವನನ್ನೇ ನೋಡುತ್ತಿದ್ದಳು, ಲೆಕ್ಕವೊಂದು ತಾಳೆಯಾಗದಾಗ ನೋಡುವಂತೆ. "ಎಲ್ಲಾ ಸಲವೂ ಕೇಳಿಸ್ತಾ?" ಎಂದಳು.

ಎಲ್ಲಾ ಸಲ. ಅವನಿಗೆ ಕೇಳಿಸಿದ್ದು ಒಂದೇ ಸಲ. ಎಷ್ಟು ಸಲ ಬಂದು ಕರೆದೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. "ಒಂದ್ಸಲ ಕೇಳಿಸ್ತು," ಎಂದ. ಅದು ನಿಜ. ನಿಜ ಹೇಳುವಾಗಲೂ ಅದು ತಪ್ಪಿಸಿಕೊಳ್ಳುವವನ ಮಾತಿನಂತೆಯೇ ಕೇಳಿಸಿತು.

"ಹಾಗಾದ್ರೆ ನಾನು ಸರಿಯಾಗೇ ಕರ್ದಿದ್ನಾ?"

"ಸರಿಯಾಗೇ ಕರ್ದಿದ್ದೆ."

ಅವಳು ತಲೆ ಆಡಿಸಿದಳು. ಅವಳ ಮುಖದಲ್ಲಿ ಏನೋ ಹಗುರವಾದದ್ದನ್ನು ಅವನು ಕಂಡ, ಕಂಡು ಉಸಿರು ಬಿಟ್ಟ. ಅಷ್ಟರಲ್ಲೇ ಅವಳ ಕೆಳತುಟಿ ಹೊರಗೆ ಬಂತು. ಬೆಳಗಿನಿಂದ, ಅಲ್ಲ, ಶುಕ್ರವಾರದಿಂದ ಒಂದು ಸಲವೂ ಅಳದಿದ್ದ ಮೇಷ್ಟ್ರು ಅತ್ತಳು, ಮನೆ ಹಾರಿಹೋಗುವಂತೆ. ಅವನು ಕೈ ಚಾಚಿದರೆ ಹಿಂದೆ ಸರಿದಳು. ಅವಳು ಅಳುವುದನ್ನು ಕಂಡು, ಬಿಸ್ಕತ್ತು ತಿನ್ನುತ್ತಿದ್ದ ಕುಳ್ಳ ಅದನ್ನು ಕೆಳಗಿಟ್ಟು, ಬಂದು ಅಕ್ಕನಿಗೆ ಒತ್ತಿ ಕೂತು, ಬ್ಯಾಂಡೇಜಿನ ಬೆರಳನ್ನು ಮೇಲೆತ್ತಿಕೊಂಡು, ತಾನೂ ದನಿ ಸೇರಿಸಿದ. ಸುಮ್ಮನಿರಿ ಎಂಬ ಮಾತು ಅಭ್ಯಾಸದಿಂದ ಅವನ ಗಂಟಲಿನವರೆಗೆ ಬಂತು. ಅಲ್ಲೇ ನಿಂತಿತು. ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಕೆಳಗೆ ಬೀದಿಯಲ್ಲಿ ಯಾರೋ ಒಬ್ಬ ನಿಂತು ಮೇಲೆ ನೋಡಿದ್ದು ಕಾಣಿಸಿತು.

"ರೀ, ಯಾರು ಅಳ್ತಿರೋದು? ಇಬ್ರೂನಾ? ಏನಾಯ್ತು?" ಎನ್ನುತ್ತಿದ್ದಳು ಹೆಂಡತಿ. ಆಮೇಲೆ ಅವಳ ದನಿ ಬದಲಾಯಿತು, ವಾರ್ಡಿನಲ್ಲಿ ರೋಗಿಯ ಪಕ್ಕ ಸ್ಟೂಲು ಎಳೆದು ಕೂತವಳಂತೆ. "ಮೊದ್ಲಿಂದ ಹೇಳಿ. ನಾನು ಕೇಳಿಸ್ಕೊಳ್ತಿದೀನಿ."

ಅವನು ಹೇಳಿದ. ಟವೆಲ್ಲು ಎಂದ, ಮಲಗಿದೆ ಎಂದ. "ಏನೂ ಕೇಳಿಸ್ತಿಲ್ಲ, ಜೋರಾಗಿ ಹೇಳಿ" ಎಂದಳು ಅವಳು. ಮಕ್ಕಳ ಅಳುವಿನ ನಡುವೆ ಅವಳಿಗೆ ಕೇಳಬೇಕಾದರೆ ಕೂಗಿಯೇ ಹೇಳಬೇಕಿತ್ತು. ಕೆಳಗೆ ನಿಂತವನಿಗೂ ಕೇಳುವ ಹಾಗೆ ಅವನು ಕೂಗಿಯೇ ಹೇಳಿದ.